ಹವಳಕ್ಕೆ ಎಷ್ಟು ತಾಸು ಹಗಲು?

ದೀಪ ಎಷ್ಟು ತಾಸು ಉರಿಯಬೇಕು ಅನ್ನುವ ಲೆಕ್ಕ ನಮ್ಮ ಬೋರಗಾಂವದವರಿಗೆ ಹೊಸದಲ್ಲ. ತ್ರೀ ಫೇಸ್ ಕರೆಂಟು ಈ ವಾರ ಹಗಲು ಪಾಳಿಯೋ ರಾತ್ರಿ ಪಾಳಿಯೋ ಎಂದು ನೋಡಿಕೊಂಡೇ ಇಲ್ಲಿ ಕಬ್ಬಿಗೆ ನೀರು ಹಾಯಿಸುತ್ತಾರೆ, ಬೀಗರ ಮನೆಗೆ ಹೋಗುವ ದಿನವನ್ನೂ ಗೊತ್ತು ಮಾಡುತ್ತಾರೆ. ಮೊಟ್ಟೆಕೋಳಿ ಸಾಕಿದವರಿಗೆ ಇನ್ನೊಂದು ಲೆಕ್ಕ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 16 ತಾಸಿನಷ್ಟು ಬೆಳಕು ಬೇಕು. ಸೂರ್ಯ ಕೊಟ್ಟು ಉಳಿದ ಬಾಕಿಯನ್ನು ಬಲ್ಬು ತುಂಬಿಸುತ್ತದೆ. ಕೋಳಿ ಆ ಬೆಳಕನ್ನು ಕಣ್ಣಿನಿಂದಷ್ಟೇ ತಿಳಿಯುವುದಿಲ್ಲ. ಅದರ ತಲೆಬುರುಡೆ ಎಷ್ಟು ತೆಳುವೆಂದರೆ ಬೆಳಕು ನೇರ ಮಿದುಳಿನೊಳಗೆ ಇಳಿಯುತ್ತದೆ, ಅಲ್ಲಿ ಅದನ್ನು ಗುರುತಿಸುವ ಕೋಶಗಳಿವೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆಯ ಹೊಲಗಳ ಮೇಲೆ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಅದು ಜಾತ್ರೆಯಲ್ಲ. ಹೂವು ಬೇಗ ಅರಳದಿರಲಿ, ಗಿಡ ಇನ್ನಷ್ಟು ಬೆಳೆಯಲಿ, ಹಬ್ಬದ ಮಾರುಕಟ್ಟೆಗೆ ಸರಿಯಾಗಿ ಮೊಗ್ಗು ಬರಲಿ ಎಂದು ರೈತರು ರಾತ್ರಿಯನ್ನು ತುಂಡು ಮಾಡುತ್ತಿರುತ್ತಾರೆ.

ಈಗ ಅದೇ ಪ್ರಶ್ನೆ ಅಣ್ಣನ ಮನೆಯ ಪಡಸಾಲೆಗೆ ಬಂದಿದೆ. ಅಣ್ಣನ ಮಗ ಪುಣೆಯ ನೌಕರಿ ಬಿಟ್ಟು ಊರಿಗೆ ಬಂದಾಗ ಜೊತೆಗೆ ನಾಲ್ಕು ಅಡಿ ಉದ್ದದ ಗಾಜಿನ ಟ್ಯಾಂಕೊಂದನ್ನು ತಂದ. ಮುನ್ನೂರು ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಮಿನಂತೆ ಹತ್ತೂವರೆ ಕಿಲೋ ಉಪ್ಪು ಕರಗಿಸಿದರೆ ಅದು ಸಮುದ್ರ. ಆ ಉಪ್ಪು ಅಡುಗೆಮನೆಯದಲ್ಲ, ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಳತೆಗೆ ತಕ್ಕಂತೆ ಬೆರೆಸಿದ್ದು. ನಮ್ಮ ಬೋರಿನ ಗಡಸು ನೀರು ಇದಕ್ಕೆ ನಡೆಯುವುದಿಲ್ಲ, ಆರ್‌ಓ ನೀರೇ ಆಗಬೇಕು. ದೂಧಗಂಗೆಯ ದಂಡೆಯ ಊರಿನಲ್ಲಿ, ಘಟ್ಟದ ಈಚೆ, ಕಬ್ಬಿನ ನಡುವೆ ಹವಳ ಬದುಕುತ್ತದೆಯೇ ಎಂದು ನೋಡಲು ಓಣಿಯೆಲ್ಲ ಬಂದು ಹೋಯಿತು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಹೀಗಾಗಿ ಹುಡುಗ ನನ್ನನ್ನೇ ಕೇಳಿದ: “ಕಾಕಾ, ಇದಕ್ಕ ದಿನಾ ಎಷ್ಟ ತಾಸ ಲೈಟ್ ಹಚ್ಚಬೇಕ್ರೀ?” ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ವೈನಿ ಬಂದರು. “ಭಾವೂಜಿ, ರಾತ್ರಿ ಹತ್ತರ ತನಕಾ ಇರ್ಲಿ ಅಂತ ಹೇಳ್ರಿ. ಮಂದಿ ಬರೂದ ಸಂಜೀಕ.” ಎರಡೂ ಮಾತು ಸರಿ. ಒಂದು ಜೀವಕ್ಕೆ ಎಷ್ಟು ಬೇಕು ಅನ್ನುವುದು, ಇನ್ನೊಂದು ನೋಡುವವರಿಗೆ ಎಷ್ಟು ಬೇಕು ಅನ್ನುವುದು. ಆವತ್ತಿನಿಂದ ಈ ವಿಷಯ ನನ್ನ ತಲೆ ಬಿಟ್ಟು ಹೋಗಿಲ್ಲ. ಓದಿದಷ್ಟೂ ಅದು ನಮ್ಮ ಸೀಮೆಯ ಕಡೆಗೇ ತಿರುಗಿ ಬರುತ್ತದೆ.

ಹೇಗೆಂದರೆ ತಂಬಾಕಿನ ಮೂಲಕ. ನಿಪ್ಪಾಣಿ ತಂಬಾಕಿನ ವಾಸನೆಯಲ್ಲಿ ಬೆಳೆದ ನಮಗೆ ಗೊತ್ತಿರಲೇಬೇಕಾದ ಕಥೆಯಿದು, ಆದರೂ ನಮ್ಮ ಶಾಲೆಯ ಪುಸ್ತಕಗಳಲ್ಲಿ ನಾನು ಕಂಡಿಲ್ಲ. ಅಮೆರಿಕದ ಮೇರಿಲ್ಯಾಂಡಿನಲ್ಲಿ ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಂಬಾಕಿನ ತಳಿಯೊಂದಿತ್ತು. ಬೇಸಿಗೆಯ ಹೊಲದಲ್ಲಿ ಅದು ಆಳೆತ್ತರ ಮೀರಿ ಬೆಳೆಯುತ್ತಿತ್ತು, ಎಲೆಯ ಮೇಲೆ ಎಲೆ ಬಿಡುತ್ತಿತ್ತು, ಹೂವು ಮಾತ್ರ ಬಿಡುತ್ತಿರಲಿಲ್ಲ. ಎಲೆಗಾಗಿ ಬೆಳೆಯುವವನಿಗೆ ಇದು ಭಾಗ್ಯ, ಕುಡಿ ಚಿವುಟುವ ಕೂಲಿ ಉಳಿಯಿತು. ಆದರೆ ಹೂವಿಲ್ಲದೆ ಬೀಜ ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿಟ್ಟರೆ ಅದೇ ಗಿಡ ಗಿಡ್ಡವಾಗಿರುವಾಗಲೇ ಹೂವು ತಲೆಗೇರಿಸಿಕೊಂಡು ನಿಲ್ಲುತ್ತಿತ್ತು. ಅಲ್ಲಿನ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು ಸೆಕೆ, ಚಳಿ, ಗೊಬ್ಬರ, ನೀರು ಎಲ್ಲವನ್ನೂ ಶಂಕಿಸಿ ಕೊನೆಗೆ ಹಗಲಿನ ಉದ್ದವನ್ನು ಶಂಕಿಸಿದರು. 1918ರ ಬೇಸಿಗೆಯಲ್ಲಿ ಕತ್ತಲೆಯ ಪುಟ್ಟ ಗುಡಿಸಲೊಂದನ್ನು ಕಟ್ಟಿ, ಸಂಜೆ ನಾಲ್ಕಕ್ಕೆ ಗಿಡದ ಕುಂಡಗಳನ್ನು ಒಳಗಿಟ್ಟು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ತೆಗೆದರು. ದಿನಕ್ಕೆ ಏಳೇ ತಾಸು ಬೆಳಕು. ಹೊರಗೆ ಅದೇ ತಳಿ ಹೂವಿಲ್ಲದೆ ಬೆಳೆಯುತ್ತಿದ್ದಾಗ ಗುಡಿಸಲಿನ ಗಿಡಗಳು ಹೂವು ಬಿಟ್ಟವು. 1920ರಲ್ಲಿ ಅವರು ಬರೆದ ಲೇಖನದಿಂದಲೇ ಹಗಲಿನ ಉದ್ದವನ್ನು ಜೀವಿಗಳು ಅಳೆಯುತ್ತವೆ ಎಂಬ ವಿಜ್ಞಾನದ ಶಾಖೆ ಶುರುವಾದದ್ದು.

ಹದಿನೆಂಟು ವರ್ಷ ಬಿಟ್ಟು, 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಕಾಡುಕಳೆಯೊಂದನ್ನು ಹಿಡಿದು, ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಏನಾಗುತ್ತದೆ ಎಂದು ನೋಡಿದರು. ಏನೂ ಆಗಲಿಲ್ಲ. ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಚ್ಚಿದರು. ಗಿಡ ಹೂವು ಬಿಡುವುದನ್ನೇ ನಿಲ್ಲಿಸಿತು. ಅಂದರೆ ಗಿಡ ಎಣಿಸುತ್ತಿದ್ದದ್ದು ಬೆಳಕಿನ ತಾಸುಗಳನ್ನಲ್ಲ, ಯಾರೂ ಮುರಿಯದ ಕತ್ತಲೆಯ ತಾಸುಗಳನ್ನು. ಸೇವಂತಿಗೆ ಹೊಲದ ಬಲ್ಬಿನ ಗುಟ್ಟು ಇದೇ. ನಮ್ಮ ಕಬ್ಬಿನದೂ ಇದೇ ಜಾತಿ. ಶ್ರಾವಣ ಭಾದ್ರಪದದ ಸುಮಾರಿಗೆ ಹಗಲು ಹನ್ನೆರಡೂವರೆ ತಾಸಿನ ಹತ್ತಿರ ಇಳಿಯುತ್ತ ಬರುವಾಗ ಕಬ್ಬಿನ ಸುಳಿಯೊಳಗೆ ಹೂವಿನ ಕಣ್ಣು ಹುಟ್ಟುತ್ತದೆ. ಹೊರಗಿನಿಂದ ಯಾರಿಗೂ ಕಾಣಿಸುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೊಲದ ತುಂಬ ಬೆಳ್ಳಗೆ ಸೂಲಂಗಿ ಎದ್ದು ನಿಂತಾಗ ರೈತ ಹೌಹಾರುತ್ತಾನೆ, ಯಾಕೆಂದರೆ ಇನ್ನು ಮೇಲೆ ಕಬ್ಬು ಬೆಳೆಯುವುದಿಲ್ಲ. ಕಟಾವು ತಡವಾದರೆ ಒಳಗೆ ಬೆಂಡಾಗುತ್ತದೆ. ಕಾರ್ಖಾನೆಯ ಕಟಾವಿನ ಚೀಟಿಗೆ ಕಾಯುವ ಸಂಕಟವನ್ನು ಇಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಮುಖ್ಯವಾದದ್ದು, ಆಗಸ್ಟಿನಲ್ಲಿ ಕಬ್ಬು ಕತ್ತಲೆಯನ್ನು ಅಳೆದು ಮಾಡಿದ ತೀರ್ಮಾನ ನವೆಂಬರಿನಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ ಅನ್ನುವುದು.

ಹವಳ ಗಿಡವಲ್ಲ, ಪ್ರಾಣಿ. ಆದರೆ ಮೈಯೊಳಗೆ ಗಿಡ ಸಾಕಿಕೊಂಡ ಪ್ರಾಣಿ. ಅದರ ಜೀವಕೋಶಗಳ ಒಳಗೇ ಕಂದು ಬಣ್ಣದ ಸೂಕ್ಷ್ಮ ಪಾಚಿಗಳು ವಾಸವಾಗಿವೆ. ಬೆಳಕು ಬಿದ್ದರೆ ಅವು ಸಕ್ಕರೆ ತಯಾರಿಸುತ್ತವೆ, ತಾವು ತಿಂದು ಉಳಿದದ್ದನ್ನು ಮನೆಯ ಯಜಮಾನನಿಗೆ ಕೊಡುತ್ತವೆ. ಬಿಸಿಲು ಚೆನ್ನಾಗಿರುವ ಕಡೆ ಹವಳದ ದಿನದ ಖರ್ಚಿನ ಬಹುಪಾಲು ಹೀಗೇ ನಡೆಯುತ್ತದೆ. ಇದು ಗೊತ್ತಾಗಲು ಕಾಲ ಹಿಡಿಯಿತು. 1928ರಲ್ಲಿ ಮಾರಿಸ್ ಯಂಗ್ ಅವರ ಮುಂದಾಳ್ತನದಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋಗಿ ಲೋ ಐಲ್ಸ್ ಎಂಬ ಪುಟ್ಟ ನಡುಗಡ್ಡೆಯಲ್ಲಿ ಒಂದು ವರ್ಷ ಉಳಿಯಿತು. ಬೆಳಕು ನುಸುಳದ ಪೆಟ್ಟಿಗೆಗಳಲ್ಲಿ ಹವಳಗಳನ್ನಿಟ್ಟು ನೋಡಿದರು. ಹವಳಗಳು ಪಾಚಿಯನ್ನು ಹೊರಗೆ ದಬ್ಬಿ ಬಿಳಿಚಿಕೊಂಡವು, ಆದರೆ ಕೂಡಲೇ ಸಾಯಲಿಲ್ಲ. ಹೀಗಾಗಿ ಪಾಚಿಯಿಂದ ಹವಳಕ್ಕೆ ಊಟ ಸಿಗುವುದಿಲ್ಲ ಎಂದೇ ಯಂಗ್ ನಂಬಿದರು. ಆ ನಂಬಿಕೆ ಸಡಿಲವಾದದ್ದು 1958ರಲ್ಲಿ. ಮಸ್ಕಟೈನ್ ಮತ್ತು ಹ್ಯಾಂಡ್ ಎಂಬವರು ವಿಕಿರಣಶೀಲ ಇಂಗಾಲದ ಗುರುತು ಹಾಕಿ, ಪಾಚಿ ತಯಾರಿಸಿದ ಆಹಾರ ಹವಳದ ದಾಯಾದಿಯಾದ ಸಮುದ್ರಹೂವಿನ ಮೈಗೆ ಇಳಿಯುವುದನ್ನು ತೋರಿಸಿಕೊಟ್ಟರು.

ಲೋ ಐಲ್ಸ್ ಹೆಸರು ಬಂದಾಗ ಭೂಪಟ ತೆಗೆದು ನೋಡಿದೆ. ಸಮಭಾಜಕದಿಂದ ದಕ್ಷಿಣಕ್ಕೆ ಹದಿನಾರೂವರೆ ಡಿಗ್ರಿಯ ಆಸುಪಾಸು. ನಮ್ಮ ಬೋರಗಾಂವ ಉತ್ತರಕ್ಕೆ ಹದಿನಾರೂವರೆಯ ಆಸುಪಾಸು. ಅಂದರೆ ಕಾರಹುಣ್ಣಿಮೆಯ ಹೊತ್ತಿಗೆ ನಮ್ಮ ಎತ್ತುಗಳ ಮೇಲೆ ಎಷ್ಟು ತಾಸು ಹಗಲಿರುತ್ತದೆಯೋ ಅಷ್ಟೇ ತಾಸು ಹಗಲು ಡಿಸೆಂಬರಿನಲ್ಲಿ ಆ ಹವಳಗಳ ಮೇಲಿರುತ್ತದೆ. ಇದು ತಿಳಿದ ದಿನ ನನಗಾದ ಸಂತೋಷ ದೊಡ್ಡದು. ಜಗತ್ತಿನ ಅತಿ ದೊಡ್ಡ ಹವಳದ ಸಾಲಿಗೆ ಎಂಥ ಹಗಲು ಬೇಕೋ ಅಂಥದೇ ಹಗಲು ನಮ್ಮ ಕಬ್ಬಿನ ಹೊಲದ ಮೇಲೂ ದಿನಾ ಹುಟ್ಟಿ ಮುಳುಗುತ್ತಿದೆ. ಹುಡುಗ ಇಂಗ್ಲೆಂಡಿನವರ, ಅಮೆರಿಕದವರ ವೇಳಾಪಟ್ಟಿಗಳನ್ನು ಹುಡುಕುತ್ತಿದ್ದ. ಲಂಡನ್ನಿನಲ್ಲಿ ಚಳಿಗಾಲದ ಹಗಲು ಎಂಟು ತಾಸೂ ಇಲ್ಲ, ಬೇಸಿಗೆಯದು ಹದಿನಾರೂವರೆ ದಾಟುತ್ತದೆ. ಅವರು ಲೆಕ್ಕ ಹಾಕಿ ಹಗಲನ್ನು ಕಟ್ಟಬೇಕು. ನಮಗೆ ದೇವರ ಮನೆಯಲ್ಲಿರುವ ಪಂಚಾಂಗ ಸಾಕು. ಅದರಲ್ಲಿ ದಿನಮಾನ ಅಂತ ಒಂದು ಅಂಕಿ ಇರುತ್ತದೆ. ಘಳಿಗೆಗೆ 24 ನಿಮಿಷದಂತೆ ನಮ್ಮ ಸೀಮೆಯಲ್ಲಿ ಅದು ಹೆಚ್ಚೆಂದರೆ 33 ಘಳಿಗೆಯ ಹತ್ತಿರ ಹೋಗುತ್ತದೆ, ಕಡಿಮೆಯೆಂದರೆ 28ರ ಹತ್ತಿರ ಬರುತ್ತದೆ. ವರ್ಷದ ಉದ್ದಕ್ಕೂ ಹಿಗ್ಗುವುದು ಕುಗ್ಗುವುದು ಸೇರಿ ಎರಡೇ ತಾಸಿನ ವ್ಯತ್ಯಾಸ. ಸಂಕ್ರಾಂತಿಯಿಂದ ಹಗಲು ಎಳ್ಳೆಳ್ಳಾಗಿ ಬೆಳೆಯುತ್ತದೆ ಎಂದು ನಮ್ಮ ಮರಾಠಿ ನೆರೆಯವರು ಹೇಳುವುದು ಈ ಎರಡು ತಾಸಿನ ಬಗ್ಗೆಯೇ.

ಹಾಗಾದರೆ ಹನ್ನೆರಡು ತಾಸು ಪೂರ್ತಿ ದೀಪ ಹಚ್ಚಿಬಿಡೋಣವೇ? ಇಲ್ಲ. ಇಲ್ಲಿ ತಾಸಿನ ಜೊತೆ ತೀವ್ರತೆಯನ್ನೂ ನೋಡಬೇಕು. ಸೂರ್ಯ ಸ್ವಿಚ್ ಒತ್ತಿದಂತೆ ಹತ್ತುವುದಿಲ್ಲ. ಬೆಳಗಿನ ಓರೆ ಬಿಸಿಲಿನ ಒಂದಷ್ಟು ಪಾಲು ನೀರಿನ ಮೇಲ್ಮೈಯಿಂದಲೇ ಪುಟಿದು ಹೋಗುತ್ತದೆ, ಸಂಜೆಯೂ ಹಾಗೆಯೇ. ನೀರಿನೊಳಗಿನ ಹಗಲು ದಂಡೆಯ ಹಗಲಿಗಿಂತ ಗಿಡ್ಡ. ಕೆಂಪು ಬೆಳಕು ಕೆಲವೇ ಮೀಟರಿನಲ್ಲಿ ನೀರಿಗೆ ಆಹುತಿಯಾಗುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಅದಕ್ಕೇ ಈ ಟ್ಯಾಂಕುಗಳ ಎಲ್‌ಇಡಿ ನೀಲಿಯಾಗಿ ಕಾಣುತ್ತದೆ. ಪಾಚಿ ದುಡಿಯಲು ಬೇಕಾದ ಬೆಳಕನ್ನು ಅಳೆಯಲು ಪಾರ್ ಮೀಟರ್ ಎಂಬ ಉಪಕರಣವಿದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅದು 2000ದ ಹತ್ತಿರ ತೋರಿಸುತ್ತದೆ. ಮೆತ್ತನೆಯ ಹವಳಗಳಿಗೆ 50ರಿಂದ 150 ಇದ್ದರೆ ಸಾಕು. 100ರ ಬೆಳಕನ್ನು ಹತ್ತು ತಾಸು ಕೊಟ್ಟರೂ 125ರ ಬೆಳಕನ್ನು ಎಂಟು ತಾಸು ಕೊಟ್ಟರೂ ದಿನದ ಒಟ್ಟು ಒಂದೇ. ಹೊಟ್ಟೆಯ ಲೆಕ್ಕ ಹೀಗೆ ಸರಿದೂಗಿಸಬಹುದು.

ಹೊಟ್ಟೆಯ ಲೆಕ್ಕಕ್ಕೂ ಒಂದು ಮಿತಿ ಇದೆ. ಒಂದು ಹಂತದ ಮೇಲೆ ಪಾಚಿ ಹೆಚ್ಚಿನ ಬೆಳಕನ್ನು ಬಳಸಿಕೊಳ್ಳಲಾರದು. ಬಳಕೆಯಾಗದ ಬೆಳಕು ಜೀವಕೋಶದೊಳಗೆ ವಿಷದಂಥ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ. ನೀರೂ ಕಾದಿದ್ದರೆ ಹವಳ ತನ್ನ ಬಾಡಿಗೆದಾರನನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016, 2024ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಬಂದ ಗತಿ ಇದು, ಅಲ್ಲಿ ಮೊದಲ ಅಪರಾಧಿ ನೀರಿನ ಬಿಸಿ. ಲಕ್ಷದ್ವೀಪ ನಮಗೆ ದೂರದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ಹವಳದ ದ್ವೀಪಗಳ ಆಡಳಿತ ನಡೆಯುತ್ತಿದ್ದದ್ದು ಮಂಗಳೂರಿನ ಕಲೆಕ್ಟರ್ ಕಚೇರಿಯಿಂದ. ನಮ್ಮ ಗಡಿಯ ವಾದ ನಮಗೆ ದಿನನಿತ್ಯದ್ದು. ಆದರೆ ಅದೇ ರಾಜ್ಯ ಪುನರ್ವಿಂಗಡಣೆಯ ದಿನ ಕನ್ನಡ ಜಿಲ್ಲೆಯೊಂದು ತನ್ನ ಹವಳಗಳನ್ನು ಬಿಟ್ಟುಕೊಟ್ಟದ್ದನ್ನು ಯಾರೂ ನೆನೆಸುವುದಿಲ್ಲ. ಈಗ ಕರ್ನಾಟಕದ ಪಾಲಿಗೆ ಹವಳವೆಂದರೆ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ. ಅಲ್ಲಿಯ ಹವಳಗಳು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೋಡದ ಕೆಳಗೆ, ರಾಡಿ ನೀರಿನಲ್ಲಿ ಮಂಕು ಬೆಳಕಿನಲ್ಲೇ ದಿನ ತೆಗೆಯುತ್ತವೆ. ಆ ತಿಂಗಳುಗಳಲ್ಲಿ ಹವಳ ನೋಡಲು ನೀರಿಗಿಳಿಯುವವರ ದೋಣಿಗಳೂ ನಿಲ್ಲುತ್ತವೆ. ಅಷ್ಟಾದರೂ ಅಲ್ಲಿ ಹವಳ ಇದೆ.

ನೇತ್ರಾಣಿಯ ಈ ಸಂಗತಿ ಹುಡುಗನಿಗೆ ತುಂಬ ಧೈರ್ಯ ಕೊಟ್ಟಿತು. ಅವನಿಗಿದ್ದ ದೊಡ್ಡ ಹೆದರಿಕೆ ಕರೆಂಟಿನದು. ನಾಲ್ಕು ತಾಸು ದೀಪವಿಲ್ಲದಿದ್ದರೆ ಹವಳ ಸತ್ತೀತೇ? ಸಾಯುವುದಿಲ್ಲ. ಒಂದೆರಡು ದಿನದ ಕತ್ತಲೆಯನ್ನು ಅದು ಮೋಡದ ದಿನವೆಂದು ತಾಳಿಕೊಳ್ಳುತ್ತದೆ. ಬೇಡದ ಪಾಚಿ ಹಬ್ಬಿದಾಗ ಕೆಲವರು ಬೇಕೆಂದೇ ಮೂರು ದಿನ ದೀಪ ಆರಿಸಿ ಇಡುತ್ತಾರೆ. ಕೊಲ್ಲುವುದು ನೀರು ನಿಂತುಹೋಗುವುದು. ನೀರು ಆಡದಿದ್ದರೆ ಆಮ್ಲಜನಕ ಕೆಲವೇ ತಾಸಿನಲ್ಲಿ ಮುಗಿದು ಮೊದಲು ಮೀನು, ಆಮೇಲೆ ಉಳಿದದ್ದು ಹೋಗುತ್ತದೆ. ಇನ್ವರ್ಟರಿಗೆ ಜೋಡಿಸಬೇಕಾದದ್ದು ದೀಪವನ್ನಲ್ಲ, ನೀರು ಆಡಿಸುವ ಪಂಪನ್ನು. ಹಳ್ಳಿಯಲ್ಲಿ ಇಂಥ ಟ್ಯಾಂಕ್ ಇಡುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ಅಣ್ಣನ ಮನೆಯ ವೈರಿಂಗನ್ನು ಹಾಗೆಯೇ ಮಾಡಿಸಿದ್ದೇವೆ.

ಈ ಟ್ಯಾಂಕಿನಲ್ಲಿ ಕಲ್ಲುಹವಳ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಸೇರಿಸಲಾಯಿತು. ಹುಲಿ ಇರುವ ಪಟ್ಟಿಯೇ ಅದು. ನಮ್ಮ ಸಮುದ್ರದಿಂದ ಒಂದು ತುಣುಕು ಮುರಿದು ತರುವುದೂ ಅಪರಾಧ, ಆಗಬೇಕಾದದ್ದೂ ಹಾಗೆಯೇ. ಇಲ್ಲಿರುವುದು ಅಸ್ಥಿಪಂಜರ ಕಟ್ಟದ ಮೆತ್ತನೆಯ ಜಾತಿಗಳು: ಜೋವಾಂಥಿಡ್‌ಗಳ ಒಂದು ಗುಂಪು, ಅಣಬೆಯಾಕಾರದ ತೊಗಲು ಹವಳ. ಇವುಗಳ ಮೈಯಲ್ಲೂ ಅದೇ ಪಾಚಿಯ ವಾಸ, ಇವುಗಳಿಗೂ ಅದೇ ಹಗಲು.

ಇವು ಎಚ್ಚರಾಗುವುದನ್ನು ಹತ್ತಿರ ಕುಳಿತು ನೋಡಬೇಕು. ನೀಲಿ ದೀಪ ಮಂದವಾಗಿ ಹತ್ತಿದಾಗ ಮೊದಲು ಏನೂ ಆಗುವುದಿಲ್ಲ. ಜೋವಾಂಥಿಡ್‌ಗಳು ಅಂಗಿಯ ಗುಂಡಿಗಳ ಹಾಗೆ ಬಿಗಿದುಕೊಂಡು ಕುಳಿತಿರುತ್ತವೆ. ಸ್ವಲ್ಪ ಹೊತ್ತಿಗೆ ಒಂದರ ನಡುವೆ ಹಸಿರು ಚುಕ್ಕೆ ಕಾಣಿಸುತ್ತದೆ. ಆ ಚುಕ್ಕೆ ಅಗಲವಾಗಿ ತಟ್ಟೆಯಾಗುತ್ತದೆ, ತಟ್ಟೆಯ ಅಂಚಿನಿಂದ ಗಿಡ್ಡ ಬೆರಳುಗಳು ಒಂದೊಂದಾಗಿ ಹೊರಗೆ ಬಾಗುತ್ತವೆ, ನಡುವೆ ಸೀಳಿದಂಥ ಬಾಯಿ. ಪಕ್ಕದ್ದು ಇನ್ನೂ ಮುಚ್ಚಿಯೇ ಇರುತ್ತದೆ. ಎಲ್ಲ ಒಟ್ಟಿಗೆ ಅರಳುವುದಿಲ್ಲ, ದೀಪದ ನೇರ ಕೆಳಗಿರುವವು ಮೊದಲು, ಕಲ್ಲಿನ ನೆರಳಿನಲ್ಲಿರುವವು ಕೊನೆಗೆ. ತೊಗಲು ಹವಳದ್ದು ಬೇರೆ ರೀತಿ. ಅದರ ಬೋಳು ನೆತ್ತಿಯ ತುಂಬ ಸಣ್ಣ ಸಣ್ಣ ತೂತುಗಳಿಂದ ಬೂದುಬಣ್ಣದ ಎಳೆಗಳು ಏಳುತ್ತವೆ, ಪ್ರತಿ ಎಳೆಯ ತುದಿಗೆ ಎಂಟು ಕವಲಿನ ನಕ್ಷತ್ರ. ಕೆಲವೊಮ್ಮೆ ಅದು ದಿನಗಟ್ಟಲೆ ಮುಚ್ಚಿಕೊಂಡು ಮೇಣದಂಥ ಪೊರೆ ಕಳಚುತ್ತದೆ. ಆಗ ದೀಪ ಹೆಚ್ಚಿಸಿದರೂ ಪ್ರಯೋಜನವಿಲ್ಲ, ಕಾಯಬೇಕು. ರಾತ್ರಿ ಜೋವಾಂಥಿಡ್ ಮುಚ್ಚಿಕೊಂಡರೆ, ಸಮುದ್ರದ ಎಷ್ಟೋ ಕಲ್ಲುಹವಳಗಳು ರಾತ್ರಿಯೇ ತೋಳು ಬಿಚ್ಚಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುತ್ತವೆ.

ಹಗಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, ರಾತ್ರಿ ಎಲ್ಲ ಜೀವಗಳೂ ಅದನ್ನು ಉಸಿರಾಡಿ ಬಿಡುತ್ತವೆ. ಹೀಗಾಗಿ ಸಂಜೆ 8.3ರ ಹತ್ತಿರ ಇರುವ ಪಿಎಚ್ ಬೆಳಗಿನ ಜಾವಕ್ಕೆ 8ರ ಕೆಳಗೆ ಇಳಿಯಬಹುದು. ಇದಕ್ಕೊಂದು ಉಪಾಯ ಇದೆ, ಅದು ನನಗೆ ಬಹಳ ಹಿಡಿಸಿತು. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿರುವ ಸಂಪಿನಲ್ಲಿ ಹಸಿರು ನೂಲಿನಂಥ ಕೀಟೊಮಾರ್ಫಾ ಪಾಚಿಯನ್ನು ಬೆಳೆಸಿ, ಮೇಲಿನ ದೀಪ ಆರಿದಾಗ ಕೆಳಗಿನ ದೀಪ ಹತ್ತುವಂತೆ ಮಾಡುವುದು. ಮೇಲೆ ರಾತ್ರಿ, ಕೆಳಗೆ ಹಗಲು. ನೈಟ್ರೇಟು ಫಾಸ್ಫೇಟುಗಳನ್ನೂ ಆ ಪಾಚಿ ಉಂಡು ಕಡಿಮೆ ಮಾಡುತ್ತದೆ. ಇಚಲಕರಂಜಿಯ ಮಗ್ಗದ ಪಾಳಿ ನೋಡಿ ಬೆಳೆದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇಷ್ಟೆಲ್ಲ ಹೇಳಿದ್ದು ಬೆಳಕು ಊಟವಾಗಿರುವ ಬಗ್ಗೆ. ಬೆಳಕಿಗೆ ಇನ್ನೊಂದು ಕೆಲಸವಿದೆ, ಅದು ಹೊತ್ತು ತಿಳಿಸುವುದು. ಊಟದ ಕೊರತೆಯನ್ನು ದೀಪದ ತೀವ್ರತೆ ಹೆಚ್ಚಿಸಿ ಸರಿಮಾಡಬಹುದು, ಹೊತ್ತಿನ ಗೊಂದಲವನ್ನು ಯಾವ ತೀವ್ರತೆಯಿಂದಲೂ ಸರಿಮಾಡಲಾಗದು. ತಂಬಾಕು ಕಲಿಸಿದ ಪಾಠ ಹವಳಕ್ಕೂ ಹತ್ತುವುದು ಇಲ್ಲಿಯೇ. 1980ರ ದಶಕದ ಮೊದಲಲ್ಲಿ ಆಸ್ಟ್ರೇಲಿಯದ ಟೌನ್ಸ್‌ವಿಲ್ ಕಡೆಯ ಯುವ ಸಂಶೋಧಕರು ರಾತ್ರಿ ನೀರಿಗಿಳಿದು ಒಂದು ಅದ್ಭುತ ಕಂಡರು. ವರ್ಷದ ಕೆಲವೇ ರಾತ್ರಿಗಳಲ್ಲಿ, ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ, ಹತ್ತಾರು ಜಾತಿಯ ಹವಳಗಳು ಒಟ್ಟಿಗೆ ತತ್ತಿ ಮತ್ತು ವೀರ್ಯದ ಗುಲಾಬಿ ಗುಳ್ಳೆಗಳನ್ನು ನೀರಿಗೆ ಬಿಡುತ್ತಿದ್ದವು. 1984ರಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2007ರಲ್ಲಿ ಅದೇ ಪತ್ರಿಕೆಯಲ್ಲಿ, ನೀಲಿ ಬೆಳಕನ್ನು ಗುರುತಿಸುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನುಗಳು ಕಣ್ಣಿಲ್ಲದ ಹವಳದಲ್ಲೂ ಇವೆ, ಚಂದ್ರನ ಬೆಳಕಿಗೂ ಸ್ಪಂದಿಸುತ್ತವೆ ಎಂದು ಬಂತು. 2021ರಲ್ಲಿ ತೈವಾನಿನ ಸಮುದ್ರದ ಒಂದು ಜಾತಿಯ ಮೇಲೆ ನಡೆದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದನ್ನು ಹೇಳಿತು. ಹುಣ್ಣಿಮೆಯವರೆಗೆ ಸೂರ್ಯ ಮುಳುಗುವ ಮೊದಲೇ ಚಂದ್ರ ಮೂಡಿರುತ್ತದೆ, ಕತ್ತಲೆಗೆ ಎಡೆಯೇ ಇಲ್ಲ. ಹುಣ್ಣಿಮೆ ದಾಟಿದ ಮೇಲೆ ಸೂರ್ಯಾಸ್ತಕ್ಕೂ ಚಂದ್ರೋದಯಕ್ಕೂ ನಡುವೆ ಕತ್ತಲೆಯ ಒಂದು ಬಿರುಕು ಮೂಡಿ ದಿನದಿಂದ ದಿನಕ್ಕೆ ಅಗಲವಾಗುತ್ತದೆ. ಹವಳ ಕಾಯುವುದು ಆ ಬಿರುಕನ್ನು.

ಇದನ್ನು ಓದಿ ಹೇಳಿದಾಗ ವೈನಿ ಕೈಲಿದ್ದ ಕೆಲಸ ಬಿಟ್ಟು ಕೇಳಿದರು. ಅವರು ಸಂಕಷ್ಟಿ ಮಾಡುವವರು. ಹುಣ್ಣಿಮೆಯಾದ ನಾಲ್ಕನೇ ದಿನ ಇಡೀ ದಿನ ಉಪವಾಸವಿದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ನೋಡಿ, ಮಾಳಿಗೆ ಹತ್ತಿ ಮೂಡಣದ ಕಡೆ ಕಣ್ಣಿಟ್ಟು ನಿಲ್ಲುವವರು. “ಅಂದ್ರ ನಾವು ಕಾಯೂ ಹೊತ್ತಿನ್ಯಾಗ ಅವೂ ಕಾಯ್ತಾವೇನ್ರಿ?” ಎಂದರು. ಹೌದು, ಹೆಚ್ಚು ಕಡಿಮೆ ಅದೇ ರಾತ್ರಿಗಳು, ಅದೇ ಕತ್ತಲೆ. ಇದಾದ ಮೇಲೆ ರಾತ್ರಿ ಹತ್ತರವರೆಗೆ ದೀಪ ಇರಲಿ ಎಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ ಬಗ್ಗೆಯೂ ಅವರಿಗೆ ಹೇಳಿದೆ. ಚಹಾ ವ್ಯಾಪಾರಿಯೊಬ್ಬರು ಕಟ್ಟಿಸಿದ ವಸ್ತುಸಂಗ್ರಹಾಲಯ ಅದು. ಅಲ್ಲಿನ ಜೇಮಿ ಕ್ರಾಗ್ಸ್ ಮತ್ತು ಸಂಗಡಿಗರು ಸಿಂಗಪುರ ಮತ್ತು ಆಸ್ಟ್ರೇಲಿಯದ ಸಮುದ್ರದ ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ವೃದ್ಧಿಕ್ಷಯ, ನೀರಿನ ಬಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು ತೊಟ್ಟಿಗಳ ಮೇಲೆ ಅದೇ ವರ್ಷವನ್ನು ಮರಳಿ ನಡೆಸಿದರು. ಸಮುದ್ರ ನೋಡದ ಆ ಕೋಣೆಯಲ್ಲಿ ಹವಳಗಳು ತಮ್ಮ ತವರಿನ ತಿಂಗಳಿಗೇ ತತ್ತಿ ಬಿಟ್ಟವು. 2017ರಲ್ಲಿ ಆ ವಿಧಾನವನ್ನು ಅವರು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಸಮುದ್ರಗಳು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಹವಳದ ಸಂತಾನ ಉಳಿಸಲು ಇಂಥ ತೊಟ್ಟಿಗಳು ಬೇಕಾಗುತ್ತವೆ ಎಂದು ನಾನು ನಂಬಿದ್ದೇನೆ. ಅದೇ ಹೊತ್ತಿಗೆ ದಂಡೆಯ ಪಟ್ಟಣಗಳ ದೀಪಗಳು ನಿಜವಾದ ಸಮುದ್ರದ ರಾತ್ರಿಯನ್ನು ಕೆಡಿಸುತ್ತಿವೆ. ಬೀದಿದೀಪದ ಬೆಳಕು ತಾಗುವ ಕಡೆ ಹವಳಗಳು ಒಂದರಿಂದ ಮೂರು ದಿನ ಮೊದಲೇ, ಹುಣ್ಣಿಮೆಯ ಹತ್ತಿರಕ್ಕೆ ತತ್ತಿ ಬಿಡುತ್ತವೆ ಎಂದು 2023ರ ಅಧ್ಯಯನವೊಂದು ತೋರಿಸಿದೆ. ಹೊತ್ತು ತಪ್ಪಿದ ತತ್ತಿಗೆ ಜೊತೆ ಸಿಗುವುದು ಕಷ್ಟ.

ನಾವು ಕೊನೆಗೆ ಗೊತ್ತು ಮಾಡಿದ್ದು ಇಷ್ಟು. ಬೆಳಿಗ್ಗೆ ಹತ್ತಕ್ಕೆ ನೀಲಿ ದೀಪ ಮಂದವಾಗಿ ಹತ್ತುತ್ತದೆ. ಹನ್ನೊಂದೂವರೆಯಿಂದ ಸಂಜೆ ಆರೂವರೆಯವರೆಗೆ ಪೂರ್ತಿ ಬೆಳಕು. ಅಲ್ಲಿಂದ ಇಳಿಯುತ್ತ ಎಂಟಕ್ಕೆ ಕತ್ತಲು. ಒಟ್ಟು ಹತ್ತು ತಾಸು, ಅದರಲ್ಲಿ ಏಳು ತಾಸು ಮಾತ್ರ ತುಂಬು ಹಗಲು. ಸೂರ್ಯನಿಗಿಂತ ತಡ ಮಾಡಿದ್ದು ಮನೆಯವರಿಗಾಗಿ. ಶಾಲೆ, ಹೊಲ ಮುಗಿಸಿ ಬಂದವರಿಗೆ ಅರಳಿದ ಹವಳ ಕಾಣಲಿ ಎಂದು. ಹಗಲನ್ನು ಆಚೀಚೆ ಸರಿಸಿದರೆ ಜೀವಕ್ಕೆ ತೊಂದರೆಯಿಲ್ಲ, ದಿನಾ ಒಂದೇ ಹೊತ್ತಿಗೆ ಬರಬೇಕು ಅಷ್ಟೇ. ಅದಕ್ಕೇ ಕೈಯಿಂದ ಸ್ವಿಚ್ ಒತ್ತುವುದನ್ನು ಬಿಟ್ಟು ಟೈಮರಿಗೆ ವಹಿಸಿದೆವು. ದೀಪದ ತೀವ್ರತೆಯನ್ನು ಒಮ್ಮೆಲೇ ಏರಿಸದೆ ವಾರಗಟ್ಟಲೆ ನಿಧಾನವಾಗಿ ಏರಿಸಿದ್ದೇವೆ. ತಿಂಗಳಿಗೊಮ್ಮೆ ಹುಡುಗ ಪಂಚಾಂಗದ ದಿನಮಾನ ನೋಡಿ ಕೆಲವು ನಿಮಿಷ ಹೆಚ್ಚು ಕಡಿಮೆ ಮಾಡುತ್ತಾನೆ. ಬೇಸಿಗೆಯಲ್ಲಿ ಹೊರಗೆ 38 ಡಿಗ್ರಿ ದಾಟಿದಾಗ ನೀರನ್ನು 26ರ ಹತ್ತಿರ ಹಿಡಿಯುವುದು ಬೇರೆಯದೇ ಹೋರಾಟ, ಅದರ ಮಾತು ಇನ್ನೊಮ್ಮೆ.

ಉಳಿದದ್ದು ಎಂಟು ಗಂಟೆಯ ನಂತರದ ಪಡಸಾಲೆ. ಟಿವಿಯನ್ನು ಒಳಕೋಣೆಗೆ ಸಾಗಿಸಿದ್ದಾಯಿತು, ಅಣ್ಣನಿಗೆ ಕ್ರಿಕೆಟ್ ಅಲ್ಲಿಯೂ ಸಿಗುತ್ತದೆ. ಬೀದಿದೀಪ ಬೀಳುವ ಕಿಟಕಿಗೆ ದಪ್ಪ ಪರದೆ ಬಂತು. ದೀಪಾವಳಿಯ ಆಕಾಶಬುಟ್ಟಿಯನ್ನು ಪ್ರತಿ ವರ್ಷ ಅದೇ ಕಿಟಕಿಯ ಮೇಲೆ ಕಟ್ಟುವುದು ರೂಢಿ. ಅಮಾವಾಸ್ಯೆಯ ಆ ವಾರ ಸಮುದ್ರದಲ್ಲಿ ಗಾಢ ಕತ್ತಲು ಇರಬೇಕಾದದ್ದು. ಏನು ಮಾಡೋಣ ಎಂದು ನಾನು ಕೇಳುವ ಮೊದಲೇ ವೈನಿ ಹಿತ್ತಲ ಕಡೆ ಮೊಳೆ ಹೊಡೆಸಿದ್ದರು. “ಈ ಸಲ ಆ ಕಡೆ ಕಟ್ಟೂನ್ರಿ ಭಾವೂಜಿ. ದನದ ಕೊಟ್ಟಿಗಿಗೂ ಬೆಳಕ ಆಗ್ತದ.”